ಕಾರ್ಖಾನೆ ಮುಚ್ಚಿದರೆ ಬಿಸ್ಕತ್ತು ಕಂಪನಿಯೇ ಮುಳುಗಿತು ಎಂದರ್ಥವೇ?

2024ರ ಜೂನ್‌ನಲ್ಲಿ ಕೋಲ್ಕತ್ತಾದ ತಾರಾತಲಾದಲ್ಲಿರುವ ಬ್ರಿಟಾನಿಯಾದ ಹಳೆಯ ಕಾರ್ಖಾನೆ ಕೆಲಸ ನಿಲ್ಲಿಸಿತು. ಬ್ರಿಟಾನಿಯಾ ಬಂಗಾಳವನ್ನೇ ಬಿಟ್ಟು ಹೋಯಿತು ಎಂಬರ್ಥದ ಪೋಸ್ಟ್‌ಗಳು ತಕ್ಷಣ ಹರಿದಾಡಿದವು. 2016ರಲ್ಲಿ ಮುಂಬೈನ ವಿಲೇ ಪಾರ್ಲೆಯಲ್ಲಿ 1929ರಿಂದ ಇದ್ದ ಪಾರ್ಲೆ ಕಾರ್ಖಾನೆ ಮುಚ್ಚಿದಾಗಲೂ, ಇನ್ನು ಪಾರ್ಲೆ-ಜಿ ಸಿಗುವುದಿಲ್ಲವೇನೋ ಎಂದು ಗಾಬರಿಯಾದವರಿದ್ದರು. ಎರಡೂ ಬಿಸ್ಕತ್ತು ಇಂದಿಗೂ ನಮ್ಮ ಬೀದಿ ಅಂಗಡಿಯಲ್ಲಿ ಸಿಗುತ್ತಿವೆ. ಹಾಗಾದರೆ ಕಾರ್ಖಾನೆಗಳನ್ನು ಮುಚ್ಚಿದ್ದೇಕೆ?

ಬಿಸ್ಕತ್ತು ಕಾರ್ಖಾನೆಯ ಜೀವಾಳವೆಂದರೆ ಸುರಂಗದಂತಹ ಉದ್ದನೆಯ ಓವನ್. ಒಂದು ತುದಿಯಲ್ಲಿ ಹಿಟ್ಟಿನ ಬಿಲ್ಲೆಗಳು ಬೆಲ್ಟ್ ಮೇಲೆ ಒಳಹೋಗುತ್ತವೆ, ಇನ್ನೊಂದು ತುದಿಯಲ್ಲಿ ಬೆಂದು ಬರುತ್ತವೆ. ಅರ್ಧ ಬೆಲ್ಟ್ ಖಾಲಿ ಓಡಿದರೂ ಓವನ್ ಕಾಯಿಸಲೇಬೇಕು, ಮೇಲ್ವಿಚಾರಕರಿಗೆ ಸಂಬಳ ಕೊಡಲೇಬೇಕು. ಅರ್ಧ ಓಡುವ ಎರಡು ಓವನ್‌ಗಿಂತ ತುಂಬಿ ಓಡುವ ಒಂದೇ ಓವನ್ ಅಗ್ಗ. 5 ರೂಪಾಯಿ ಪೊಟ್ಟಣದ ಬೆಲೆ ಏರಿಸಿದರೆ ಗಿರಾಕಿ ಪಕ್ಕದ ಬ್ರ್ಯಾಂಡ್ ಹಿಡಿಯುತ್ತಾನೆ. ಆದ್ದರಿಂದ ಕಂಪನಿ ಒಂದೋ ಗ್ರಾಂ ಕಡಿಮೆ ಮಾಡುತ್ತದೆ, ಇಲ್ಲವೇ ತಯಾರಿಕೆಯ ಖರ್ಚಿನಲ್ಲಿ ಪೈಸೆ ಪೈಸೆ ಉಳಿಸುತ್ತದೆ.

ನಗರದೊಳಗಿನ ಹಳೆಯ ಕಾರ್ಖಾನೆ ಈ ಲೆಕ್ಕದಲ್ಲಿ ಸೋಲುತ್ತದೆ. ವಿಸ್ತರಿಸಲು ಜಾಗವಿಲ್ಲ, ಲಾರಿ ಬಂದುಹೋಗುವುದೇ ಕಷ್ಟ. ಮೇಲಾಗಿ ಕಾರ್ಖಾನೆಗಿಂತ ಅದು ನಿಂತ ನೆಲಕ್ಕೇ ಹೆಚ್ಚು ಬೆಲೆ ಬಂದಿರುತ್ತದೆ.

ಇಡೀ ದೇಶಕ್ಕೆ ಒಂದೇ ಕಾರ್ಖಾನೆ ಸಾಲದೇ ಎಂದು ಕೇಳಬಹುದು. ಸಾಲದು. ಬಿಸ್ಕತ್ತು ಹಗುರ, ಆದರೆ ಜಾಗ ತಿನ್ನುತ್ತದೆ. ತೂಕದ ಮಿತಿ ಮುಟ್ಟುವ ಮೊದಲೇ ಲಾರಿ ತುಂಬಿಬಿಡುತ್ತದೆ. ದೂರ ಹೆಚ್ಚಿದಷ್ಟೂ ಉಳಿಸಿದ್ದೆಲ್ಲ ಸಾಗಣೆಗೆ ಹೋಗುತ್ತದೆ. ಅದಕ್ಕೇ ಕಂಪನಿಗಳು ಒಂದೊಂದು ಭಾಗಕ್ಕೆ ಒಂದೊಂದು ದೊಡ್ಡ ಘಟಕ ಕಟ್ಟುತ್ತವೆ, ಉಳಿದದ್ದನ್ನು ಬೇರೆಯವರ ಕಾರ್ಖಾನೆಯಲ್ಲಿ ಗುತ್ತಿಗೆಗೆ ಮಾಡಿಸುತ್ತವೆ. ಮನೆಯಲ್ಲಿರುವ ಬಿಸ್ಕತ್ತು ಪೊಟ್ಟಣವನ್ನು ತಿರುಗಿಸಿ ತಯಾರಕರ ವಿಳಾಸ ಓದಿ. ಬ್ರ್ಯಾಂಡ್ ಹೆಸರೇ ಬೇರೆ, ತಯಾರಿಸಿದವರ ಹೆಸರೇ ಬೇರೆ ಇರುವುದು ಅಪರೂಪವೇನಲ್ಲ.

ಸರ್ಕಾರದ ಪಾತ್ರವೂ ಇದೆ. 2003ರಲ್ಲಿ ಉತ್ತರಾಖಂಡ ಮತ್ತು ಹಿಮಾಚಲ ಪ್ರದೇಶದ ಹೊಸ ಕಾರ್ಖಾನೆಗಳಿಗೆ ಕೇಂದ್ರವು 10 ವರ್ಷ ಅಬಕಾರಿ ಸುಂಕ ವಿನಾಯಿತಿ ಘೋಷಿಸಿತು. ಬ್ರಿಟಾನಿಯಾ, ನೆಸ್ಲೆಯಂಥ ಕಂಪನಿಗಳು ರುದ್ರಪುರ, ಪಂತನಗರದ ಕಡೆ ಘಟಕ ತೆರೆದವು. ಹೀಗಿರುವಾಗ ಒಂದು ಕಾರ್ಖಾನೆ ಮುಚ್ಚಿದ್ದಕ್ಕೆ ಆ ರಾಜ್ಯದ ಸರ್ಕಾರವೊಂದೇ ಕಾರಣ, ಅಥವಾ ಕಾರ್ಮಿಕ ಸಂಘವೊಂದೇ ಕಾರಣ ಎನ್ನುವ ಫಾರ್ವರ್ಡ್ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಇನ್ನರ್ಧ ಕಥೆ ಕಾರ್ಮಿಕರದು. ತಾರಾತಲಾದ ಕಾಯಂ ಕಾರ್ಮಿಕರೆಲ್ಲರೂ ಸ್ವಯಂ ನಿವೃತ್ತಿ ಯೋಜನೆ ಒಪ್ಪಿದ್ದಾರೆ, ಇದರಿಂದ ತನ್ನ ವಹಿವಾಟಿಗೆ ಹೇಳಿಕೊಳ್ಳುವಂಥ ಪರಿಣಾಮವಿಲ್ಲ ಎಂದು ಬ್ರಿಟಾನಿಯಾ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಿತು. ಕಂಪನಿಯ ಲೆಕ್ಕದಲ್ಲಿ ಅದು ಸರಿಯೇ. ಅದರ ನೋಂದಾಯಿತ ಕಚೇರಿ ಕೋಲ್ಕತ್ತಾದಲ್ಲೇ ಉಳಿಯಿತು, ಆಡಳಿತ ಕಚೇರಿ ಅದಕ್ಕೂ ಮೊದಲೇ ನಮ್ಮ ಬೆಂಗಳೂರಿನಲ್ಲಿತ್ತು. ಆದರೆ ಐವತ್ತು ದಾಟಿದ ಓವನ್ ಕಾರ್ಮಿಕನಿಗೆ ಊರು ಬಿಟ್ಟು ಹೊಸ ಘಟಕ ಸೇರುವುದು ಸುಲಭವಲ್ಲ. ಅಲ್ಲಿನ ಯಂತ್ರಗಳಿಗೆ ಅಷ್ಟು ಕೈಗಳೂ ಬೇಕಿಲ್ಲ. ಇನ್ನು ಗುತ್ತಿಗೆ ಕಾರ್ಮಿಕರ ಹೆಸರು ಕಾಯಂ ಪಟ್ಟಿಯಲ್ಲೇ ಇರುವುದಿಲ್ಲ. ಕಾರ್ಖಾನೆ ಮುಚ್ಚಿದ ಫಾರ್ವರ್ಡ್ ಬಂದರೆ, ಅಲ್ಲಿ ಎಷ್ಟು ಜನ ಗುತ್ತಿಗೆಯಲ್ಲಿದ್ದರು, ಅವರ ಕೈಗೆ ಏನು ಸಿಕ್ಕಿತು ಎಂದು ಕಳಿಸಿದವರನ್ನೇ ಕೇಳಿ ನೋಡಿ.