ಹೇಳಲು ಬಾರದ ನೋವಿಗೂ ಲೆಕ್ಕವಿರಲಿ

ಕೆಲವು ತಿಂಗಳ ಹಿಂದೆ ಗೋಕಾಕದಿಂದ ಮೂಡಲಗಿಗೆ ಹೊರಟಿದ್ದ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ ಮೂರು ವರ್ಷದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದರು. ಹಿಂದಿನ ದಿನವಷ್ಟೇ ಮಗುವಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿತ್ತು. ಬಸ್ಸು ಕುಲುಕಿದಾಗಲೆಲ್ಲ ಅದು ಕಾಲು ಮಡಚಿಕೊಂಡು ಚೀರುತ್ತಿತ್ತು. ನೋವಿಗೆ ಏನು ಔಷಧ ಕೊಟ್ಟಿದ್ದಾರೆಂದು ವಿಚಾರಿಸಿದೆ. ‘ಹುಡುಗೂರು ಅಳೂದ ಹಂಗ್ರಿ ಅಜ್ಜಾರ, ಎರಡ ದಿನ ಅತ್ತು ಸುಮ್ಮನಾಗ್ತಾವ ಅಂತ ಹೇಳಿ ಕಳಿಸ್ಯಾರ್ರಿ’ ಎಂದರು. ಅವರ ಚೀಲದಲ್ಲಿ ಆಂಟಿಬಯೋಟಿಕ್ ಬಾಟಲಿಯಿತ್ತು, ಗಾಯಕ್ಕೆ ಹಚ್ಚುವ ಮುಲಾಮಿತ್ತು. ನೋವಿಗೆಂದು ಏನೂ ಇರಲಿಲ್ಲ.

ಇದನ್ನು ಯಾರೋ ಒಬ್ಬ ವೈದ್ಯರ ಅಲಕ್ಷ್ಯವೆಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಎಳೆಯ ಮಕ್ಕಳಿಗೆ ನೋವು ಅಷ್ಟಾಗಿ ತಿಳಿಯದೆಂಬ ನಂಬಿಕೆಯನ್ನು ವೈದ್ಯವಿಜ್ಞಾನವೇ ಬಹುಕಾಲ ಪೋಷಿಸಿತ್ತು. ಎಂಬತ್ತರ ದಶಕದವರೆಗೂ ಮುಂದುವರಿದ ದೇಶಗಳಲ್ಲೇ ನವಜಾತ ಶಿಶುಗಳಿಗೆ ಸಾಕಷ್ಟು ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದ್ದುಂಟು. ಆಕ್ಸ್‌ಫರ್ಡ್‌ನಲ್ಲಿ ಸಂಶೋಧನೆ ನಡೆಸಿದ ಭಾರತೀಯ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯ ಬುಡವನ್ನೇ ಅಲುಗಿಸಿತು. ಶಸ್ತ್ರಚಿಕಿತ್ಸೆಯ ವೇಳೆ ಪ್ರಬಲ ನೋವುನಿವಾರಕ ಪಡೆದ ಅವಧಿಪೂರ್ವ ಶಿಶುಗಳ ದೇಹದ ಮೇಲಿನ ಒತ್ತಡ ಕಡಿಮೆಯಿತ್ತು, ನಂತರದ ತೊಡಕುಗಳೂ ಕಡಿಮೆಯಾಗಿದ್ದವು. ಅರಿವಳಿಕೆಯಿಲ್ಲದೆ ಸುನ್ನತಿಗೆ ಒಳಗಾದ ಶಿಶುಗಳು ತಿಂಗಳುಗಳ ನಂತರ ಲಸಿಕೆಯ ಸೂಜಿಗೂ ಇತರ ಮಕ್ಕಳಿಗಿಂತ ಹೆಚ್ಚು ನೋವು ತೋರಿದವೆಂದು 1997ರಲ್ಲಿ ಕೆನಡಾದ ಸಂಶೋಧಕರು ಕಂಡುಕೊಂಡರು. ಮಗು ಮರೆತರೂ ಅದರ ದೇಹ ಮರೆಯುವುದಿಲ್ಲ.

ಅರ್ಧ ಆಯುಷ್ಯವನ್ನು ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಯಾವುದಕ್ಕೆ ನಮೂನೆಯಲ್ಲಿ ಅಂಕಣವಿಲ್ಲವೋ ಅದು ಆಡಳಿತದ ಕಣ್ಣಿಗೆ ಬೀಳುವುದೇ ಇಲ್ಲ. ರೋಗಿಯ ಹಾಳೆಯಲ್ಲಿ ಜ್ವರ, ನಾಡಿ, ರಕ್ತದೊತ್ತಡಗಳಿಗೆ ಸ್ಥಾನವಿದೆ; ಮಗುವಿನ ನೋವಿಗೆ ಬಹುತೇಕ ಕಡೆ ಇಲ್ಲ. ಮಾತು ಬಾರದ ಮಗುವಿನ ನೋವನ್ನು ಅಳೆಯುವುದು ಹೇಗೆಂಬ ಪ್ರಶ್ನೆಗೂ ಉತ್ತರ ಸಿಕ್ಕಿ ದಶಕಗಳಾದವು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಜ್ಞರು 1997ರಲ್ಲಿ ಪ್ರಕಟಿಸಿದ ‘ಫ್ಲ್ಯಾಕ್’ ಮಾಪನದಲ್ಲಿ ಮುಖಭಾವ, ಕಾಲುಗಳ ಸ್ಥಿತಿ, ಚಲನವಲನ, ಅಳು, ಸಂತೈಸಿದರೆ ಸಮಾಧಾನವಾಗುವುದೇ ಎಂಬ ಐದು ಅಂಶಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಟ್ಟು, ಹತ್ತಕ್ಕೆ ಲೆಕ್ಕ ಹಾಕುತ್ತಾರೆ. ಇದಕ್ಕೆ ಯಂತ್ರ ಬೇಡ, ದಾದಿಯ ಎರಡು ನಿಮಿಷದ ಗಮನ ಸಾಕು. ಬಸ್ಸಿನಲ್ಲಿ ಆ ಮಗು ಕಾಲು ಮಡಚಿದ್ದು ಈ ಪಟ್ಟಿಯ ಎರಡನೆಯ ಅಂಶವೇ ಆಗಿತ್ತು.

ಪರಿಹಾರವೂ ದುಬಾರಿಯಲ್ಲ. ಮಗು ಮೇಜಿನ ಮೇಲಿರುವಾಗಲೇ ಗಾಯದ ಸುತ್ತ ಅಥವಾ ಬೆನ್ನಿನ ಕೆಳತುದಿಯಲ್ಲಿ ಸ್ಥಳೀಯ ಅರಿವಳಿಕೆ ನೀಡಿದರೆ ಮೊದಲ ಕೆಲವು ತಾಸು ನೆಮ್ಮದಿಯಿಂದ ಕಳೆಯುತ್ತವೆ. ಅದರ ಪ್ರಭಾವ ಇಳಿಯುವುದು ಮನೆಗೆ ಹೋದ ಮೇಲೆ. ಆಗ ಬೇಕಾದುದು ಪ್ಯಾರಾಸಿಟಮಾಲ್, ಅಗತ್ಯವಿದ್ದರೆ ವೈದ್ಯರ ಸಲಹೆಯಂತೆ ಐಬುಪ್ರೊಫೆನ್. ಮಗು ಚೀರುವ ತನಕ ಕಾಯದೆ, ಮೊದಲ ಒಂದೆರಡು ದಿನ ಗಡಿಯಾರ ನೋಡಿ ಕೊಡಬೇಕು.

ಎಚ್ಚರ ಬೇಕಾದುದು ಪ್ರಮಾಣದಲ್ಲಿ. ಪ್ರತಿ ಕಿಲೋ ತೂಕಕ್ಕೆ 15 ಮಿ.ಗ್ರಾಂ.ನಂತೆ 12 ಕಿಲೋ ಮಗುವಿಗೆ ಒಂದು ಸಲಕ್ಕೆ 180 ಮಿ.ಗ್ರಾಂ. ಪ್ಯಾರಾಸಿಟಮಾಲ್ ಆಗುತ್ತದೆ. 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ಪಿನಲ್ಲಿ ಅದು 7.5 ಮಿ.ಲೀ., 250 ಮಿ.ಗ್ರಾಂ. ಇರುವುದರಲ್ಲಿ 3.6 ಮಿ.ಲೀ. ಮಾತ್ರ. ‘ಒಂದು ಚಮಚ’ ಎಂಬ ಸೂಚನೆ ಹೀಗಾಗಿ ಒಂದು ಮಗುವಿಗೆ ಸಾಲದೆ, ಇನ್ನೊಂದಕ್ಕೆ ಅತಿಯಾಗಬಹುದು. ಅತಿಯಾದರೆ ಯಕೃತ್ತಿಗೆ ಅಪಾಯ. ದೊಡ್ಡವರ ಮಾತ್ರೆ ಅರ್ಧ ಮುರಿದು ಕೊಡುವ ರೂಢಿ ಇನ್ನೂ ಕೆಟ್ಟದ್ದು. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2011ರಲ್ಲೇ ನಿಷೇಧಿಸಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜನರಿಗೆ ಬೆಳಗಾವಿಯ ದೊಡ್ಡ ಆಸ್ಪತ್ರೆ ಗಂಟೆಗಳ ಹಾದಿ. ಸಣ್ಣ ಶಸ್ತ್ರಚಿಕಿತ್ಸೆಯಾದ ಮಗು ಒಂದೆರಡು ದಿನದಲ್ಲಿ ತೋಟದ ಮನೆಗೆ ಮರಳುತ್ತದೆ. ನಿಜವಾದ ವಾರ್ಡು ಆ ಮನೆ, ನಿಜವಾದ ದಾದಿ ಆ ತಾಯಿ. ಆಕೆಯ ಕೈಗೆ ಮಾಹಿತಿಯನ್ನೇ ಕೊಡದೆ ಕಳಿಸುವುದನ್ನು ಅರ್ಥಶಾಸ್ತ್ರದಲ್ಲಿ ಮಾಹಿತಿಯ ಅಸಮಾನತೆ ಎನ್ನುತ್ತಾರೆ. ಅದರ ಬೆಲೆ ತೆರುವವರು ಯಾವಾಗಲೂ ಬಡವರೇ. ನೋವಿನಿಂದ ನೀರೂ ಕುಡಿಯದ ಮಗುವನ್ನು ಮತ್ತೆ ಆಸ್ಪತ್ರೆಗೆ ಒಯ್ಯುವ ಬಸ್ ಖರ್ಚು, ತಪ್ಪಿದ ಎರಡು ದಿನದ ಕೂಲಿ, ಇವುಗಳ ಮುಂದೆ ಒಂದು ಬಾಟಲಿ ಸಿರಪ್ಪಿನ ಬೆಲೆ ಏನೂ ಅಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮಕ್ಕಳ ತೊಂದರೆಗಳನ್ನು ಗುರುತಿಸಿ ಚಿಕಿತ್ಸೆಗೆ ಕಳಿಸುತ್ತಿದೆ. ಚಿಕಿತ್ಸೆಯ ನಂತರದ ಹೊಣೆಯನ್ನೂ ವ್ಯವಸ್ಥೆ ಹೊರಬೇಕು. ಮೂರು ಕೆಲಸಗಳನ್ನು ನಾಳೆಯೇ ಆರಂಭಿಸಬಹುದು. ಒಂದು, ಮಕ್ಕಳ ರೋಗಿಹಾಳೆಯಲ್ಲಿ ನೋವಿಗೊಂದು ಅಂಕಣ. ಎರಡು, ಮಗುವಿನ ತೂಕ, ಔಷಧದ ಹೆಸರು, ಎಷ್ಟು ಮಿ.ಲೀ., ಎಷ್ಟು ತಾಸಿಗೊಮ್ಮೆ, ಯಾವ ಲಕ್ಷಣ ಕಂಡರೆ ಮರಳಿ ಬರಬೇಕು ಎಂಬುದನ್ನು ಕನ್ನಡದಲ್ಲಿ ಬರೆದ ಅರ್ಧ ಹಾಳೆ, ಜೊತೆಗೆ ಗುರುತು ಹಾಕಿದ ಅಳತೆಯ ಲೋಟ. ಮೂರು, ಮರುದಿನ ಆಶಾ ಕಾರ್ಯಕರ್ತೆಯ ಒಂದು ಭೇಟಿ ಅಥವಾ ದೂರವಾಣಿ ಕರೆ. ಖಾಸಗಿ ನರ್ಸಿಂಗ್ ಹೋಮ್‌ಗಳೂ ಇದಕ್ಕೆ ಹೊರತಾಗಬೇಕಿಲ್ಲ.

ಮೂಡಲಗಿ ಹತ್ತಿರವಾಗುವ ವೇಳೆಗೆ ಆ ಮಗು ಅತ್ತು ಅತ್ತು ನಿದ್ದೆ ಹೋಗಿತ್ತು. ‘ಈಗ ಆರಾಮಾತು ನೋಡ್ರಿ’ ಎಂದು ತಾಯಿ ಸಮಾಧಾನಪಟ್ಟುಕೊಂಡರು. ಅದು ಆರಾಮವಲ್ಲ, ಬರಿಯ ದಣಿವು. ಇವೆರಡರ ವ್ಯತ್ಯಾಸವನ್ನು ಆ ತಾಯಿಗೆ ತಿಳಿಸಿ ಕಳಿಸುವುದು ಚಿಕಿತ್ಸೆಯ ಕೊನೆಯ ಹೊಲಿಗೆಯಷ್ಟೇ ಮುಖ್ಯವಾದ ಕರ್ತವ್ಯ.