ಒಂಬತ್ತು ನಿಮಿಷ ಹಿಂದಿದ್ದ ಗಡಿಯಾರ

ವಾಡಿ ಜಂಕ್ಷನ್ನಿನಲ್ಲಿ ರೈಲಿಗಾಗಿ ಕಾದವರು ಮತ್ತೆ ಮತ್ತೆ ತಲೆಯೆತ್ತಿ ನೋಡುವುದು ನಿಲ್ದಾಣದ ಗಡಿಯಾರವನ್ನು. ನಮ್ಮ ಕೈಗಡಿಯಾರ ಎಷ್ಟೇ ಬೆಲೆ ಬಾಳಲಿ, ರೈಲು ಅದರ ಮಾತನ್ನು ಕೇಳುವುದಿಲ್ಲ. ಈ ಸಣ್ಣ ಸತ್ಯವನ್ನು ರೈಲಿನ ವಿಷಯದಲ್ಲಿ ನಾವೆಲ್ಲ ಎಂದೋ ಒಪ್ಪಿಕೊಂಡಿದ್ದೇವೆ. ಮನೆಯ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಮರೆತುಬಿಡುತ್ತೇವೆ. ಮರೆತರೆ ಏನಾಗುವುದೆಂಬುದನ್ನು ಕಳೆದ ಬೇಸಗೆಯಲ್ಲಿ, ವಾಡಿಗೆ ಸಮೀಪದ ರಾವೂರದಲ್ಲಿ, ಕಣ್ಣಾರೆ ಕಂಡೆ.

ಅಲ್ಲಿ ನನ್ನ ಹಳೆಯ ಮಿತ್ರರೊಬ್ಬರ ಮನೆಯಿದೆ. ನೆಲಕ್ಕೆ ಶಹಾಬಾದಿನ ಹಾಸುಗಲ್ಲು. ಮಧ್ಯಾಹ್ನದ ಬಿಸಿಲಿನಲ್ಲಿಯೂ ಅಂಗಾಲಿಗೆ ತಂಪು. ಅವರ ಮಗಳು ಕಾಲೇಜಿನ ಹುಡುಗಿ. ವಿದ್ಯಾರ್ಥಿವೇತನವೊಂದಕ್ಕೆ ಅರ್ಜಿ ಕಳುಹಿಸಲು ಅಂದೇ ಕಡೆಯ ದಿನ. ಸಂಜೆ ಐದು ಗಂಟೆ ಕಡೆಯ ಗಳಿಗೆ. ವರಮಾನದ ಪ್ರಮಾಣಪತ್ರ ಕೈಗೆ ಬಂದುದೇ ಅಂದು ಮಧ್ಯಾಹ್ನವಾದ್ದರಿಂದ ತಡವಾಗಿತ್ತು. ತಮ್ಮನ ಫೋನು ಸಿಗ್ನಲಿಗಾಗಿ ಕಿಟಕಿಯ ಮೇಲೆ ಕುಳಿತು ಕಂಪ್ಯೂಟರಿಗೆ ಇಂಟರ್‌ನೆಟ್ ಒದಗಿಸುತ್ತಿತ್ತು. ಗೋಡೆಯ ಗಡಿಯಾರವನ್ನು, ರೈಲು ತಪ್ಪಬಾರದೆಂದು, ಮುಂದಿಡುವುದು ಆ ಮನೆಯ ವಾಡಿಕೆ. ಎಷ್ಟು ಮುಂದೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಆದುದರಿಂದ ಹುಡುಗಿ ಕಂಪ್ಯೂಟರಿನ ಮೂಲೆಯಲ್ಲಿದ್ದ ವೇಳೆಯನ್ನೇ ನಂಬಿದ್ದಳು.

“ನಿಧಾನ ಮಾಡವ್ವ, ಅವಸರ ಮಾಡಬ್ಯಾಡ,” ಎಂದರು ಮಿತ್ರರು.

“ಇನ್ನಾ ಒಂಬತ್ತು ನಿಮಿಷ ಅದ, ಅಪ್ಪಾ,” ಎಂದಳು ಅವಳು. ಬರೆದುದನ್ನೆಲ್ಲ ಇನ್ನೊಮ್ಮೆ ಓದಿ, ಗುಂಡಿಯನ್ನು ಒತ್ತಿದಳು. ಅವಧಿ ಮುಗಿದಿದೆ ಎಂಬ ಒಂದು ಸಾಲು ತೆರೆಯ ಮೇಲೆ ಮೂಡಿತು.

“ಕಾಕಾ, ಇದೇನರಿ? ಇನ್ನಾ ಐದು ಆಗಿಲ್ಲ!” ಎಂದು ನನ್ನತ್ತ ತಿರುಗಿದಳು. ನಾನು ಜೇಬಿನಿಂದ ಫೋನನ್ನು ತೆಗೆದು ನೋಡಿದೆ. ಐದು ಗಂಟೆ ಒಂದು ನಿಮಿಷ. ಕಂಪ್ಯೂಟರು ನಾಲ್ಕು ಐವತ್ತೆರಡು ಎನ್ನುತ್ತಿತ್ತು. ಮಿತ್ರರು ಒಂದು ಮಾತನ್ನೂ ಆಡದೆ ಎದ್ದು ಅಂಗಳಕ್ಕೆ ಹೋದರು. ಅಷ್ಟು ಹೊತ್ತೂ ಅಲ್ಲಿಯೇ ಕುಳಿತಿದ್ದ ನಾನು ಒಮ್ಮೆಯಾದರೂ ಫೋನನ್ನು ನೋಡಿ ಹೇಳಬಹುದಿತ್ತಲ್ಲ ಎಂಬ ಕೊರಗು ನನ್ನನ್ನು ಇನ್ನೂ ಬಿಟ್ಟಿಲ್ಲ.

ಅಷ್ಟೊಂದು ಲೆಕ್ಕ ಬಲ್ಲ ಯಂತ್ರಕ್ಕೆ ಗಂಟೆ ಎಷ್ಟೆಂಬುದು ತಿಳಿಯದೆ ಹೋಯಿತೇ? ವಾಚಕರು ಕೇಳಬಹುದಾದ ಪ್ರಶ್ನೆಯೇ ಸರಿ. ಕಂಪ್ಯೂಟರಿನೊಳಗೆ ಕೈಗಡಿಯಾರದಲ್ಲಿರುವಂತಹದೇ ಒಂದು ಸಣ್ಣ ಸ್ಫಟಿಕದ ತುಂಡಿದೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಕತ್ತರಿಸಲ್ಪಟ್ಟಿರುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು. ವಿದ್ಯುತ್ತನ್ನು ನಿಲ್ಲಿಸಿದಾಗಲೂ ನಾಣ್ಯದಾಕಾರದ ಒಂದು ಬ್ಯಾಟರಿ ಅದನ್ನು ನಡೆಸುತ್ತದೆ. ಆದರೆ ಯಾವ ಸ್ಫಟಿಕವೂ ಪರಿಪೂರ್ಣವಲ್ಲ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪು ಸಾಧಾರಣ. ಕೇಳುವುದಕ್ಕೆ ಅಲ್ಪವೆನಿಸುವ ಈ ತಪ್ಪು ದಿನಕ್ಕೆ ಸುಮಾರು ಒಂದೂಮುಕ್ಕಾಲು ಸೆಕೆಂಡು. ಹತ್ತು ತಿಂಗಳಿಗೆ ಒಂಬತ್ತು ನಿಮಿಷ! ಮೇಲಾಗಿ ಇಂತಹ ಸ್ಫಟಿಕವು 25 ಡಿಗ್ರಿಯ ಆಸುಪಾಸಿನಲ್ಲಿ ಚುರುಕಾಗಿದ್ದು, ಶಾಖ ಏರಿದರೂ ಇಳಿದರೂ ನಿಧಾನವಾಗುತ್ತದೆ. 45 ಡಿಗ್ರಿಯಲ್ಲಿ ಶಾಖವೊಂದೇ ದಿನಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಹಿಂದೆ ಹಾಕುತ್ತದೆ. ಕಲಬುರಗಿ ಸೀಮೆಯ ಬೇಸಗೆ ಎಂತಹುದೆಂದು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಹಾಗಾದರೆ ಸರಿಯಾದ ವೇಳೆ ಯಾವುದು? ಈ ಪ್ರಶ್ನೆಯನ್ನು ಆ ನೆಲ ಹಿಂದೆಯೇ ಎದುರಿಸಿತ್ತು. ಬೊಂಬಾಯಿಯ ಕಡೆಯಿಂದ ಬಂದ ರೈಲುಮಾರ್ಗ 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ಆ ಕಾಲದಲ್ಲಿ ಊರೂರಿಗೂ ಅದರದೇ ಮಧ್ಯಾಹ್ನ. ಬೊಂಬಾಯಿಗೊಂದು ವೇಳೆ, ಕಲ್ಕತ್ತೆಗೊಂದು ವೇಳೆ. ರೈಲುಗಳಿಗೆ ಇದು ಹೊಂದದೆ, ಅವು ಮದ್ರಾಸಿನ ವೇಳೆಯನ್ನು ಹಿಡಿದವು. ಅಲ್ಲಿಯ ಖಗೋಳ ವೀಕ್ಷಣಾಲಯದಿಂದ ತಂತಿಯ ಮೂಲಕ ಸಂಕೇತ ಹೋಗುತ್ತಿತ್ತು. 1906ರಲ್ಲಿ ಭಾರತೀಯ ಪ್ರಮಾಣ ವೇಳೆ ಜಾರಿಗೆ ಬಂದಿತು. ಅದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು; ವಾಡಿ, ರಾವೂರಗಳು ಇರುವುದು 77ರ ಆಸುಪಾಸಿನಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ, ಗಡಿಯಾರ ಹನ್ನೆರಡು ಹೊಡೆದು ಸರಾಸರಿ 22 ನಿಮಿಷವಾದ ಮೇಲೆ ರಾವೂರದ ಸೂರ್ಯ ನೆತ್ತಿಗೆ ಬರುತ್ತಾನೆ. ಆದರೂ ಯಾರಿಗೂ ತೊಂದರೆಯಿಲ್ಲ. ಎಲ್ಲರೂ ಒಪ್ಪಿಕೊಂಡ 22 ನಿಮಿಷದಿಂದ ಕೆಡುಕಿಲ್ಲ. ಒಬ್ಬರಿಗೂ ತಿಳಿಯದೆ ಕೂಡಿಕೊಂಡ ಒಂಬತ್ತು ನಿಮಿಷದಿಂದ ಒಂದು ವರ್ಷದ ವಿದ್ಯಾರ್ಥಿವೇತನ ಹೋಯಿತು.

ಅಂದಿನ ತಂತಿಯ ಸಂಕೇತದ ಕೆಲಸವನ್ನು ಇಂದು ಇಂಟರ್‌ನೆಟ್ಟು ಮಾಡುತ್ತದೆ. ಅಮೆರಿಕದ ಡೇವಿಡ್ ಮಿಲ್ಸ್ ಎಂಬವರು ರೂಪಿಸಿ, 1985ರಲ್ಲಿ ವಿಧಿಯಾಗಿ ಪ್ರಕಟವಾದ ಎನ್‌ಟಿಪಿ ಎಂಬ ಪದ್ಧತಿ ಇದಕ್ಕೆ ಆಧಾರ. ನಮ್ಮ ಯಂತ್ರವು ದೂರದ ಪ್ರಮಾಣ ಗಡಿಯಾರವನ್ನು ಗಂಟೆ ಎಷ್ಟೆಂದು ಕೇಳುತ್ತದೆ. ಉತ್ತರ ಬರುವಷ್ಟರಲ್ಲಿ ಆ ವೇಳೆ ಹಳೆಯದಾಗಿರುತ್ತದಲ್ಲವೇ? ಅದಕ್ಕೊಂದು ಉಪಾಯವಿದೆ. ನಮ್ಮ ಗಡಿಯಾರದಲ್ಲಿ ಸರಿಯಾಗಿ ಹತ್ತು ಗಂಟೆಗೆ ಪ್ರಶ್ನೆ ಹೊರಟು, ಎರಡು ಸೆಕೆಂಡುಗಳಲ್ಲಿ ಉತ್ತರ ಬಂತೆನ್ನಿ. ಉತ್ತರದಲ್ಲಿ ಹತ್ತು ಗಂಟೆ, ಒಂಬತ್ತು ನಿಮಿಷ, ಒಂದು ಸೆಕೆಂಡು ಎಂದಿದೆ. ಹೋಗಲೊಂದು ಸೆಕೆಂಡು, ಬರಲೊಂದು ಸೆಕೆಂಡು ಎಂದು ಬಗೆದು ಒಂದನ್ನು ಕೂಡಿಸಿದರೆ, ನಾವು ಒಂಬತ್ತು ನಿಮಿಷ ಹಿಂದಿದ್ದೇವೆಂದು ತಿಳಿಯುತ್ತದೆ. ನಮ್ಮ ದೇಶದ ಪ್ರಮಾಣ ವೇಳೆಯನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ. ಅಲ್ಲಿಯದು ಸೀಸಿಯಂ ಪರಮಾಣುವಿನ ಗಡಿಯಾರ. ಆ ಪರಮಾಣುವಿನ 9,192,631,770 ಕಂಪನಗಳೇ ಒಂದು ಸೆಕೆಂಡೆಂದು 1967ರಲ್ಲಿ ಜಗತ್ತು ನಿಶ್ಚಯಿಸಿತು. ರಾವೂರದ ಆ ಯಂತ್ರದಲ್ಲಿ ಹೀಗೆ ಕೇಳಿ ತಿಳಿಯುವ ಏರ್ಪಾಟನ್ನು ಯಾರೋ ಎಂದೋ ನಿಲ್ಲಿಸಿಬಿಟ್ಟಿದ್ದರು. ಅಷ್ಟೇ ದೋಷ.

ಇನ್ನು ಚಿಕಿತ್ಸೆಯ ಮಾತು. ಈ ರೋಗದಲ್ಲಿ ತಪ್ಪು ಎಷ್ಟೆಂದು ಅಳೆದರೆ ಅರ್ಧ ನಿದಾನವಾದಂತೆಯೇ.

ತಪ್ಪು ಕೆಲವು ಸೆಕೆಂಡು ಅಥವಾ ನಿಮಿಷಗಳಾಗಿದ್ದು ದಿನದಿಂದ ದಿನಕ್ಕೆ ಬೆಳೆಯುತ್ತಿದ್ದರೆ, ಅದು ಸ್ಫಟಿಕದ ಜಾರುವಿಕೆ. ವಿಂಡೋಸ್ ಇರುವವರು ಸೆಟ್ಟಿಂಗ್ಸಿನಲ್ಲಿ ದಿನಾಂಕ ಮತ್ತು ವೇಳೆಯ ಪುಟವನ್ನು ತೆರೆದು, ವೇಳೆ ತಾನಾಗಿಯೇ ಹೊಂದಿಕೊಳ್ಳುವ ಗುಂಡಿಯನ್ನು ಹಾಕಿ, ‘ಸಿಂಕ್ ನೌ’ ಎಂಬುದನ್ನು ಒತ್ತಬೇಕು.

ತಪ್ಪು ಸರಿಯಾಗಿ ಅರ್ಧ ಗಂಟೆಯಾಗಿದ್ದರೆ ಯಂತ್ರವು ನೆರೆಯ ದೇಶದ ವೇಳಾವಲಯದಲ್ಲಿದೆ ಎಂದು ಊಹಿಸಬಹುದು. ಪಾಕಿಸ್ತಾನ ನಮಗಿಂತ ಅರ್ಧ ಗಂಟೆ ಹಿಂದೆ, ಬಾಂಗ್ಲಾದೇಶ ಅರ್ಧ ಗಂಟೆ ಮುಂದೆ. ಸರಿಯಾಗಿ ಐದೂವರೆ ಗಂಟೆಯಾಗಿದ್ದರೂ ಗಡಿಯಾರದ ಮೇಲೆ ದೋಷ ಹೊರಿಸಬೇಡಿ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಇದು ಪರಿಚಿತ ಕಾಟ. ಒಳಗಿನ ಗಡಿಯಾರದಲ್ಲಿರುವುದು ಊರಿನ ವೇಳೆ ಎಂದು ಒಂದು ಬಗೆಯುತ್ತದೆ, ಗ್ರೀನಿಚ್ ವೇಳೆ ಎಂದು ಇನ್ನೊಂದು. ಎರಡನ್ನೂ ಒಂದೇ ಪದ್ಧತಿಗೆ ತರಬೇಕು.

ಪ್ರತಿ ಸಲ ಯಂತ್ರವನ್ನು ಹಚ್ಚಿದಾಗಲೂ ತಾರೀಖು ಹಲವು ವರ್ಷ ಹಿಂದೆ ಹೋಗಿದ್ದರೆ ಒಳಗಿನ ಬ್ಯಾಟರಿ ಮುಗಿದಿದೆ. ಅನೇಕ ಮೇಜಿನ ಕಂಪ್ಯೂಟರುಗಳಲ್ಲಿ ಅದು ಸಿಆರ್ 2032. ಇಪ್ಪತ್ತು ಮಿಲಿಮೀಟರು ಅಗಲ, 3.2 ಮಿಲಿಮೀಟರು ದಪ್ಪ ಎಂಬುದೇ ಆ ಹೆಸರಿನ ಅರ್ಥ. ವಿದ್ಯುತ್ತಿನ ತಂತಿಯನ್ನು ಕಿತ್ತ ಮೇಲೆಯೇ ಅದನ್ನು ಬದಲಿಸತಕ್ಕದ್ದು. ಮಡಿಚುವ ಕಂಪ್ಯೂಟರಾದರೆ ರಿಪೇರಿಯವರಿಗೆ ಬಿಡುವುದು ಲೇಸು. ತಾರೀಖು ವರ್ಷಗಟ್ಟಲೆ ತಪ್ಪಿದ್ದಾಗ ಬ್ಯಾಂಕಿನ ಪುಟವೂ ತೆರೆಯದೆ ಹೋಗಬಹುದು. ಆ ಪುಟದ ಪ್ರಮಾಣಪತ್ರಕ್ಕೂ ಆರಂಭದ, ಅಂತ್ಯದ ದಿನಗಳಿವೆ. ಇನ್ನೂ ಹುಟ್ಟದ ಪತ್ರವನ್ನು ನಿಮ್ಮ ಯಂತ್ರ ನಂಬೀತು ಹೇಗೆ? ಅಷ್ಟು ದೊಡ್ಡ ತಪ್ಪಾದರೆ ಸಿಂಕ್ ಕೂಡ ನಿರಾಕರಿಸುವುದುಂಟು. ಮೊದಲು ಕೈಯಿಂದ ತಾರೀಖನ್ನು ಸರಿಪಡಿಸಿ, ಬಳಿಕ ಒತ್ತಿರಿ.

ರಾವೂರದ ಹುಡುಗಿ ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾಳೆ. ಕಡೆಯ ದಿನಕ್ಕೆ ಇನ್ನೂ ನಾಲ್ಕು ದಿನವಿರುವಾಗಲೇ. ಕಂಪ್ಯೂಟರಿನ ವೇಳೆಯನ್ನು ಫೋನಿನ ವೇಳೆಗೆ ಹೋಲಿಸಿ ನೋಡುವುದು ಅವಳಿಗೆ ರೂಢಿಯಾಗಿದೆ. ಗೋಡೆಯ ಗಡಿಯಾರ ಮಾತ್ರ ಇನ್ನೂ ಮುಂದೆಯೇ ಇದೆ. ಅದನ್ನು ಸರಿಪಡಿಸಲು ಮಿತ್ರರು ಒಪ್ಪಲಿಲ್ಲ. ಆದರೆ ಎಷ್ಟು ಮುಂದೆಂಬುದನ್ನು ಅಳೆದು, ಒಂದು ಚೀಟಿಯಲ್ಲಿ ಬರೆದು ಅದರ ಕೆಳಗೆ ಅಂಟಿಸಿದ್ದಾರಂತೆ. ನಿಮ್ಮ ಮನೆಯ ಯಂತ್ರದ ವೇಳೆಯನ್ನು ನೀವು ಕಡೆಯದಾಗಿ ಹೋಲಿಸಿ ನೋಡಿದ್ದು ಯಾವಾಗ? ಈ ಪುಟವನ್ನು ಮಡಿಚಿಟ್ಟ ಮೇಲೆ ಅದೊಂದು ಕೆಲಸವನ್ನು ಮಾಡಿಬಿಡಿ.