ದನಿ ಬರುತ್ತದೆ, ಮುಖ ಕಾಣುವುದಿಲ್ಲ

“ನಿಮಗದು ತಿಳಿಯಂಗಿಲ್ಲ ಬಿಡ್ರಿ ಮೇಡಂ.”

ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನನಗೆ, ಇನ್ನೂ ಇಪ್ಪತ್ತೆಂಟು ತುಂಬದ ಹುಡುಗನೊಬ್ಬ ಹೇಳಿದ ಮಾತಿದು. ಅವನು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಅದನ್ನು ನಂಬಿ, ತಲೆಯಾಡಿಸಿ, ದುಡ್ಡು ಕೊಟ್ಟು ಬಂದೆನಲ್ಲ, ಸಿಟ್ಟು ಅದಕ್ಕೆ.

ನಡೆದದ್ದು ಇಷ್ಟು. 2022ರಲ್ಲಿ ಕೊಟ್ಟೂರಿನಲ್ಲಿ ನನ್ನ ತಮ್ಮನ ಮಗಳ ಮದುವೆ. ಅರಿಶಿನದ ದಿನ ನಮ್ಮವ್ವ ಹಸೆಯ ಪಕ್ಕ ಕೂತು ಸೋಬಾನೆ ಹಾಡಿದಳು. ಹಗರಿಬೊಮ್ಮನಹಳ್ಳಿಯ ಚಿಕ್ಕಮ್ಮ, ಹರಪನಹಳ್ಳಿಯ ಸೋದರತ್ತೆ ದನಿಗೂಡಿಸಿದರು. ಅಕ್ಕನ ಮಗ ಅದನ್ನು ತನ್ನ ಐಫೋನಿನಲ್ಲಿ ಹಿಡಿದು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಮರುವರ್ಷ ಅವ್ವ ತೀರಿಕೊಂಡಳು. ವರ್ಷದ ಪೂಜೆ ಹತ್ತಿರ ಬಂದಾಗ ಒಮ್ಮೆ ನೋಡೋಣವೆಂದು ಮನೆಯ ಕಂಪ್ಯೂಟರಿಗೆ ಸಿಕ್ಕಿಸಿದೆ. ಅವ್ವನ ದನಿ ಬಂತು. ಪರದೆ ಮಾತ್ರ ಕಪ್ಪಗೆ.

“ಕಂಪ್ಯೂಟರ್ ಹಳೇದಾತು” ಎಂದರು ನಮ್ಮ ಯಜಮಾನರು. “ನೀನೇನೂ ಮುಟ್ಟಬೇಡಮ್ಮ” ಎಂದ ಮಗ, ಫೋನಿನಲ್ಲಿ. ಹೊತ್ತುಕೊಂಡು ಅಂಗಡಿಗೆ ಹೋದೆವು. “ಫೈಲ್ ಕೆಟ್ಟೈತಿ, ವಿಂಡೋಸೂ ಹಾಳಾಗೈತಿ, ಫಾರ್ಮ್ಯಾಟ್ ಹೊಡೀಬೇಕು” ಎಂದ ಆ ಹುಡುಗ. ಫಾರ್ಮ್ಯಾಟ್ ಎಂದರೆ ಸ್ಲೇಟು ಒರೆಸಿದ ಹಾಗೆ ಎಂದು ನನಗೆ ಗೊತ್ತಿರಲಿಲ್ಲ. ಅವನು ಹೇಳಲೂ ಇಲ್ಲ. ಹನ್ನೊಂದು ವರ್ಷದ ಫೋಟೊಗಳು, ನಮ್ಮ ಶಾಲೆಯ ಮಕ್ಕಳು ಆಡಿದ ನಾಟಕಗಳು, ಎಲ್ಲ ಹೋದವು. ಪೆನ್‌ಡ್ರೈವನ್ನು ನನ್ನ ಕೈಗೇ ವಾಪಸು ಕೊಟ್ಟದ್ದೇ ಪುಣ್ಯ.

ಮನೆಗೆ ಬಂದು ಮತ್ತೆ ಹಾಕಿದೆ. ಅದೇ ದನಿ, ಅದೇ ಕಪ್ಪು ಪರದೆ. ಆಗ ಕಂಡಿತು, ಪರದೆಯ ಮೇಲೆ ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು: ಈ ವಿಡಿಯೊ ತೋರಿಸಲು ಇಂಥ ಕೋಡೆಕ್ ಬೇಕು. ಮೊದಲ ದಿನವೂ ಆ ಸಾಲು ಅಲ್ಲೇ ಇತ್ತು. ನಾವು ಯಾರೂ ಓದಲಿಲ್ಲ. “ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ” ಎಂದು ಪ್ರತಿ ಪರೀಕ್ಷೆಯಲ್ಲೂ ಕೂಗುವ ನಾನೂ ಓದಲಿಲ್ಲ. ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಮಾತು ಕಾರಣಿಕ ನುಡಿಯುತ್ತಾನೆ. ವರ್ಷವಿಡೀ ನಾವು ಅದರ ಅರ್ಥ ಬಿಡಿಸುತ್ತೇವೆ. ಮನೆಯ ಯಂತ್ರ ನೇರವಾಗಿ ಹೇಳಿದ ಮಾತಿಗೆ ಅರೆಗಳಿಗೆಯ ಮರ್ಯಾದೆಯೂ ಇಲ್ಲ.

ಕೋಡೆಕ್ ಎಂದರೆ ಬ್ರಹ್ಮವಿದ್ಯೆಯಲ್ಲ. ವಿಡಿಯೊವನ್ನು ಇದ್ದ ಹಾಗೇ ಇಟ್ಟರೆ ಫೋನಿನಲ್ಲಿ ಜಾಗ ಸಾಲದು. ಅದನ್ನು ಒತ್ತಿ, ಮಡಿಸಿ ಗಂಟು ಕಟ್ಟುತ್ತಾರೆ. ಚಿತ್ರಕ್ಕೆ ಒಂದು ಬಗೆಯ ಗಂಟು, ದನಿಗೆ ಇನ್ನೊಂದು. ಬಿಚ್ಚುವವರಿಗೆ ಆ ಗಂಟಿನ ಗುಟ್ಟು ಗೊತ್ತಿರಬೇಕು. 2003ರಲ್ಲಿ ಬಂದ ಎಚ್.264 ಎಂಬ ಗಂಟನ್ನು ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರುಗಳೂ ಬಿಚ್ಚುತ್ತವೆ. 2013ರಲ್ಲಿ ಎಚ್.265 ಬಂತು. ಅದೇ ಅಂದದ ಚಿತ್ರವನ್ನು ಸುಮಾರು ಅರ್ಧ ಜಾಗದಲ್ಲಿ ಕಟ್ಟುತ್ತದೆ. 2017ರಿಂದ ಐಫೋನುಗಳು ಇದನ್ನೇ ಬಳಸುತ್ತಿವೆ. ಆದರೆ ಇದರ ಪೇಟೆಂಟು ಹಲವು ಕಂಪನಿಗಳ ಕೈಯಲ್ಲಿದೆ. ಹೀಗಾಗಿ ವಿಂಡೋಸ್ ಹಾಕಿದ ಎಷ್ಟೋ ಯಂತ್ರಗಳಲ್ಲಿ ಅದನ್ನು ಬೇರೆಯಾಗಿ, ದುಡ್ಡು ಕೊಟ್ಟು ಹಾಕಿಕೊಳ್ಳಬೇಕು. ನಮ್ಮ ಮನೆಯಲ್ಲಿ ಆದದ್ದು ಇಷ್ಟೇ: ದನಿಯ ಗಂಟು ಬಿಚ್ಚಿತು, ಚಿತ್ರದ್ದು ಬಿಚ್ಚಲಿಲ್ಲ. ಫೈಲ್ ಕೆಟ್ಟಿರಲೇ ಇಲ್ಲ.

ಇದಕ್ಕೆ ದುಡ್ಡಿಲ್ಲದ ಮದ್ದೂ ಇದೆ. ಪ್ಯಾರಿಸಿನ ಕಾಲೇಜೊಂದರ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿ, 2001ರಲ್ಲಿ ಲೋಕಕ್ಕೆಲ್ಲ ಬಿಟ್ಟುಕೊಟ್ಟ ವಿಎಲ್‌ಸಿ. ರಸ್ತೆ ಕೆಲಸದವರು ಇಡುವ ಕಿತ್ತಳೆ ಬಣ್ಣದ ಶಂಕುವೇ ಅದರ ಗುರುತು. ಗಂಟು ಬಿಚ್ಚುವ ಗುಟ್ಟುಗಳನ್ನೆಲ್ಲ ತನ್ನೊಳಗೇ ಇಟ್ಟುಕೊಂಡಿದೆ. ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ‘ಕೋಡೆಕ್ ಉಚಿತ’ ಎಂದು ಕಣ್ಣು ಮಿಟುಕಿಸುವ ಕಡೆ ಒತ್ತಿದರೆ ವೈರಸ್ಸಿಗೆ ಬಾಗಿಲು ತೆರೆದಂತೆ.

ಹಳೆಯ ಮದುವೆ ಡಿವಿಡಿಗಳ ಕತೆಯೂ ಹೀಗೆಯೇ. 2012ರ ವಿಂಡೋಸ್ 8ರಿಂದ ಈಚೆಗೆ ವಿಂಡೋಸಿನ ಜೊತೆಗೇ ಬರುವ ಪ್ಲೇಯರ್ ಡಿವಿಡಿ ಆಡಿಸುವುದಿಲ್ಲ. ‘ಡಿಸ್ಕ್ ಸತ್ತಿದೆ’ ಎಂದು ತಿಪ್ಪೆಗೆಸೆಯುವ ಮೊದಲು ವಿಎಲ್‌ಸಿಯಲ್ಲಿ ಹಾಕಿ ನೋಡಿ. ಒರೆಸುವುದಿದ್ದರೆ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತು ಹಾಕಬೇಡಿ. ಚಿತ್ರ ತಡೆತಡೆದು ಓಡಿದರೆ ಪೆನ್‌ಡ್ರೈವಿನಿಂದ ಕಂಪ್ಯೂಟರಿಗೆ ನಕಲು ಮಾಡಿಕೊಂಡು ನೋಡಿ. ಆಮೇಲೂ ತಡೆದರೆ, ಹಳೆಯ ಯಂತ್ರಕ್ಕೆ ಹೊಸ ಗಂಟು ಭಾರವಾಗಿದೆ ಎಂದು ತಿಳಿಯಿರಿ. ಅಪರಾಧ ಆಗಲೂ ಫೈಲಿನದಲ್ಲ.

“ಅವರವರ ಕಸುಬು ಅವರವರಿಗೆ, ನಮಗ್ಯಾಕೆ ಇದೆಲ್ಲ?” ಎನ್ನುವವರಿದ್ದಾರೆ. ಮಿಕ್ಸಿ ನಿಂತರೆ ನೀವು ಮೊದಲು ಏನು ಮಾಡುತ್ತೀರಿ? ಪ್ಲಗ್ಗು ನೋಡುತ್ತೀರಿ, ಮಿಕ್ಸಿ ಮಗುಚಿ ಅಡಿಯ ಕೆಂಪು ಗುಂಡಿ ಒತ್ತುತ್ತೀರಿ. ಆಮೇಲಷ್ಟೇ ರಿಪೇರಿಯವನು. ಅಲ್ಲಿ ಇಲ್ಲದ ಅಂಜಿಕೆ ಇಲ್ಲಿ ಯಾಕೆ? ಮಿಕ್ಸಿ ನಮ್ಮದಾಗಿ ಮನೆಗೆ ಬಂತು, ಕಂಪ್ಯೂಟರ್ ಮಗನದಾಗಿ ಬಂತು. ಅವನು ಊರು ಬಿಟ್ಟು ವರ್ಷಗಳಾದರೂ ಅದು ಅವನದೇ. ನಾವು ಧೂಳು ಒರೆಸುವವರು ಮಾತ್ರ.

ಅಂಗಡಿಯ ಹುಡುಗನ ಮುಂದೆ ಹತ್ತು ಯಂತ್ರ ಸಾಲಾಗಿ ಕೂತಿರುತ್ತವೆ, ಒಪ್ಪುತ್ತೇನೆ. ಅದಕ್ಕೇ ಅವನು ಎಲ್ಲ ರೋಗಕ್ಕೂ ಒಂದೇ ಗುಳಿಗೆ ಕೊಡುತ್ತಾನೆ. ಕಳೆದುಹೋಗುವುದು ಅವನ ಅವ್ವನಲ್ಲವಲ್ಲ! ಬೇಕಾದದ್ದರ ಎರಡು ನಕಲು ಎರಡು ಕಡೆ ಇಡುವುದು, “ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡ” ಎಂದು ಮುಖ ನೋಡಿ ಹೇಳುವುದು, ಇದು ನಮ್ಮ ಕೆಲಸ.

ಅಂದು ಸಂಜೆ ನಾನೇ ಕೂತು ವಿಎಲ್‌ಸಿ ಹಾಕಿದೆ. ಅವ್ವ ಸೆರಗು ಸರಿಮಾಡಿಕೊಂಡು ಹಾಡುತ್ತಿದ್ದಳು. ಹನ್ನೊಂದು ವರ್ಷದ ಫೋಟೊಗಳು ಮಾತ್ರ ಮರಳಿ ಬರಲಿಲ್ಲ.

ಇನ್ನು ಯಾರಾದರೂ “ನಿಮಗದು ತಿಳಿಯಂಗಿಲ್ಲ” ಎಂದರೆ ನೀವು ಕೇಳಬೇಕಾದ್ದು ಒಂದೇ ಮಾತು: “ಪರದೆಯ ಮೇಲಿನ ಆ ಸಾಲು ನೀನು ಓದಿದಿಯೇನಪ್ಪ?”